ಡಿಸಿ ಸ್ನೇಹಾಳನ್ನು ಸಾಯಿಸಿದ್ದು ತಪ್ಪಾ, ಆಮೇಲೆ ಮಾಡಿದ್ದು ತಪ್ಪಾ?

ಮೆಸ್ಸಿನ ಮಗಳು:

ಹಳೇ ವಿಷಯ ಕೆದಕುತ್ತಿದ್ದೇನೆ, ಬೈಯಬೇಡಿ. 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ 2024ರ ನವೆಂಬರ್‌ನಲ್ಲಿ ಮೆಸ್ ನಡೆಸುವ ಪುಟ್ಟಕ್ಕನ ಮಗಳು, ಡಿಸಿ ಸ್ನೇಹಾ ಸತ್ತಳಲ್ಲ, ಆ ವಾರದಿಂದ ನಮ್ಮಮ್ಮ ಸೀರಿಯಲ್ ನೋಡುವುದನ್ನೇ ಬಿಟ್ಟರು. 2021ರ ಡಿಸೆಂಬರ್‌ನಲ್ಲಿ ಶುರುವಾದಾಗಿನಿಂದ ಒಂದು ದಿನವೂ ತಪ್ಪಿಸಿದವರಲ್ಲ. ಮದುವೆಮನೆಯಲ್ಲೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡಿದ್ದಾರೆ.

ಅಮ್ಮ ಹಾಸನದಲ್ಲಿ ಹನ್ನೊಂದು ವರ್ಷ ಕಾಲೇಜು ಹುಡುಗರಿಗೆ ಮೆಸ್ ನಡೆಸಿದವರು. ಹಾಗಾಗಿ ಪುಟ್ಟಕ್ಕನ ಮೆಸ್ ಮೇಲೆ ಅವರಿಗೆ ಸೊಸೆ ಮೇಲಿನ ಅತ್ತೆಯ ಕಣ್ಣು. "ಇಷ್ಟು ಜನಕ್ಕೆ ಊಟ ಹಾಕಿದಾಳೆ, ಸೀರೆ ಸೆರಗಲ್ಲಿ ಒಂದು ಸಾರಿನ ಕಲೆ ಇಲ್ವಲ್ಲ!" ಅನ್ನುತ್ತಿದ್ದರು. ಆದರೆ ಪುಟ್ಟಕ್ಕನ ಪಾತ್ರದ ಉಮಾಶ್ರೀ ಎಲೆ ಮುಂದೆ ಬಗ್ಗಿ ಎರಡನೇ ಸಲ ಅನ್ನ ಬಡಿಸಿದರೆ ಸುಮ್ಮನಾಗುತ್ತಿದ್ದರು. ಎರಡನೇ ಸಲ ಕೇಳುವವರೆಗೂ ಕಾಯದೆ ಬಡಿಸುವುದು ಮೆಸ್ ನಡೆಸಿದವರಿಗೇ ಗೊತ್ತು ಅಂತ ಅವರ ಲೆಕ್ಕ.

ಇನ್ನೊಂದು ಕಾರಣ ನಾನು. ಕೆಎಎಸ್ ಪ್ರಿಲಿಮ್ಸ್ ಎರಡು ಸಲ ಬರೆದು, ಎರಡೂ ಸಲ ಕೈಬಿಟ್ಟವಳು. ಸೀರಿಯಲ್‌ನಲ್ಲಿ, ಗಂಡು ಮಗು ಹುಟ್ಟಲಿಲ್ಲ ಅಂತ ಅಪ್ಪ ಬಿಟ್ಟುಹೋದ ಮನೆಯಲ್ಲಿ ಮೆಸ್ಸಿನವಳ ಮಗಳು ಡಿಸಿ ಆದಾಗ ಅಮ್ಮ ಅಕ್ಕಪಕ್ಕದವರಿಗೆ ಸಜ್ಜಿಗೆ ಹಂಚಿದ್ದರು. ಕಾರಣ ಕೇಳಿದವರಿಗೆ "ಸುಮ್ನೆ" ಅಂದಿದ್ದರು.

ಸ್ನೇಹಾ ಸತ್ತ ದಿನ ಅಮ್ಮ ಅವರೆಕಾಳು ಹಿಸುಕುತ್ತಿದ್ದರು. ಬೇಳೆ ಒಂದು ಬಟ್ಟಲು, ಸಿಪ್ಪೆ ಒಂದು ಬಟ್ಟಲು. ಆಮೇಲೆ ನೋಡಿದರೆ ಕೊನೆಯಲ್ಲಿ ಹಿಸುಕಿದ್ದೆಲ್ಲ ಅದಲು ಬದಲಾಗಿತ್ತು. "ಡಿಸಿ ಮಾಡಿ ಸಾಯ್ಸೋದಾ?" ಅಂದರು, ಅಷ್ಟೇ.

ನಟಿ ಸಂಜನಾ ಬುರ್ಲಿ ಬಿಟ್ಟರು, ಅದಕ್ಕೇ ಪಾತ್ರ ಮುಗಿಸಿದರು ಅನ್ನುವುದು ಗೊತ್ತು. ನನ್ನ ಪ್ರಶ್ನೆ ಬೇರೆ. ಸಾವಿನಿಂದ ಕಥೆ ಕೆಟ್ಟಿತಾ? ಇಲ್ಲಾ ಸ್ನೇಹಾಳ ಹೃದಯವನ್ನು ಅದೇ ಹೆಸರಿನ ಇನ್ನೊಬ್ಬ ಹುಡುಗಿಗೆ ಹಾಕಿ ಸ್ನೇಹಾಳ ಗಂಡ ಕಂಠಿಯ ಹತ್ತಿರ ತಂದು ನಿಲ್ಲಿಸಿದರಲ್ಲ, ಅದರಿಂದ ಕೆಟ್ಟಿತಾ?

ಗುರುವಾರದ ಗಿರಾಕಿ:

ನಾನು ಪ್ರತಿ ಗುರುವಾರ ಟಿಆರ್‌ಪಿ ಪಟ್ಟಿಗೆ ಕಾಯುವ ಹುಚ್ಚ. ನೀವು ಸ್ನೇಹಾಳ ಸಾವನ್ನು ದೂರುತ್ತಿದ್ದೀರಿ. ಆದರೆ ಪೆಟ್ಟು ಅದಕ್ಕಿಂತ ಮೊದಲೇ ಬಿದ್ದಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ 'ಅಣ್ಣಯ್ಯ' ಸೀರಿಯಲ್ ಬಂದು ಏಳೂವರೆಯ ಜಾಗ ತಗೊಂಡಿತು, ಪುಟ್ಟಕ್ಕ ಆರೂವರೆಗೆ ಹೋದಳು. ಆರೂವರೆಗೆ ಯಾರ ಮನೆಯಲ್ಲಿ ಬಿಡುವಿರುತ್ತದೆ ಹೇಳಿ? ದೀಪ ಹಚ್ಚುವ ಹೊತ್ತು, ಕೆಲಸಕ್ಕೆ ಹೋದವರು ಇನ್ನೂ ಬಸ್ಸಿನಲ್ಲಿರುತ್ತಾರೆ. ರೇಟಿಂಗ್ ಅಂದರೆ ಎಷ್ಟು ಜನ ನೋಡಿದರು ಅಂತ ಮಾತ್ರ ಅಲ್ಲ, ಎಷ್ಟು ನಿಮಿಷ ಕೂತರು ಅನ್ನುವುದೂ ಲೆಕ್ಕ. ಮಧ್ಯದಲ್ಲಿ ಎದ್ದು ಹಾಲು ಕಾಯಿಸಲು ಹೋದರೆ ಅದೂ ಕಳೆಯುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ರೇಟಿಂಗ್ ಲೆಕ್ಕ ಹಾಕುವ ಸಂಸ್ಥೆ ಬಾರ್ಕ್‌ನ ಮೀಟರ್ ಇರುವುದು ಇಡೀ ದೇಶದಲ್ಲಿ ಐವತ್ತು ಸಾವಿರದ ಚಿಲ್ಲರೆ ಮನೆಗಳಲ್ಲಿ. ಚಾನೆಲ್‌ನ ಸದ್ದಿನೊಳಗೆ ನಮಗೆ ಕೇಳಿಸದ ಒಂದು ಗುರುತು ಇರುತ್ತದೆ, ಮೀಟರ್ ಅದನ್ನು ಹಿಡಿಯುತ್ತದೆ. ಮನೆಯವರು ರಿಮೋಟ್‌ನಲ್ಲಿ ತಮ್ಮ ತಮ್ಮ ಬಟನ್ ಒತ್ತಿ ಯಾರು ನೋಡುತ್ತಿದ್ದಾರೆ ಅಂತ ತಿಳಿಸಬೇಕು. ನಿಮ್ಮಮ್ಮ ಮದುವೆಮನೆಯಲ್ಲಿ ಮೊಬೈಲ್‌ನಲ್ಲಿ ನೋಡಿದ್ದು ಆ ಲೆಕ್ಕಕ್ಕೆ ಬರಲಿಲ್ಲ. ಕೋಪ ಮಾಡಿಕೊಂಡು ಬಿಟ್ಟಿದ್ದೂ ಬಹುಶಃ ಬರಲಿಲ್ಲ.

ಎಪಿಸೋಡ್ ಬ್ಯಾಂಕ್:

ಕೆಲವು ವರ್ಷ ಒಂದು ಸೀರಿಯಲ್‌ಗೆ (ಇದಕ್ಕಲ್ಲ) ಸಂಭಾಷಣೆ ಬರೆದಿದ್ದೇನೆ. ಮುಖ್ಯ ಪಾತ್ರ ಮಾಡುವವರು ಹೊರಟರೆ ಕೈಯಲ್ಲಿ ಇರುವ ದಾರಿ ಎರಡೇ: ಮುಖ ಬದಲಿಸು, ಇಲ್ಲಾ ಪಾತ್ರ ತೆಗೆ. ಪುಟ್ಟಕ್ಕನ ನಿರ್ದೇಶಕರಾದ ಇದೇ ಆರೂರು ಜಗದೀಶ್ ಅವರ 'ಜೊತೆ ಜೊತೆಯಲಿ' ನೆನಪಿದೆಯಾ? 2022ರಲ್ಲಿ ಅನಿರುದ್ಧ ಅವರ ಜಾಗಕ್ಕೆ ಹರೀಶ್ ರಾಜ್ ಬಂದರು. ನಾಯಕ ಆರ್ಯವರ್ಧನ್‌ಗೆ ಅಪಘಾತ ಮಾಡಿಸಿ ಮುಖವನ್ನೇ ಬದಲಾಯಿಸಬೇಕಾಯಿತು. ಆಗಲೂ ಜನ ಬೈದರು. ಬದಲಿಸಿದರೂ ಬೈಗುಳ, ಸಾಯಿಸಿದರೂ ಬೈಗುಳ.

ನೋಡುವವರಿಗೆ ಕಾಣದ್ದು ಒಂದಿದೆ. ನಮ್ಮ ಸೀರಿಯಲ್‌ನಲ್ಲಿ ಮೊದಲೇ ಶೂಟ್ ಮಾಡಿ ಕೈಯಲ್ಲಿಟ್ಟಿದ್ದ ಎಪಿಸೋಡ್‌ಗಳು ಖಾಲಿಯಾಗಿ, ಬೆಳಿಗ್ಗೆ ಬರೆದ ಸೀನನ್ನು ಮಧ್ಯಾಹ್ನ ಶೂಟ್ ಮಾಡಿದ ದಿನಗಳಿವೆ. ಅಂಥ ಹೊತ್ತಿನಲ್ಲಿ ಒಬ್ಬ ತಾಯಿ ಮೂರು ತಿಂಗಳು ಹೇಗೆ ದುಃಖಪಡುತ್ತಾಳೆ ಅಂತ ಯೋಚಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಹೊಸ ಹುಡುಗಿ ಬಂದಳು ಅಂದರೆ ಪ್ರೋಮೋ ಆಯಿತು.

ಚಂದನದ ಕಾಲದವ:

1998ರಲ್ಲಿ ದೂರದರ್ಶನದ ಚಂದನದಲ್ಲಿ 'ಮಾಯಾಮೃಗ' ನೋಡಿದವನು ನಾನು. ಅದರ ನಿರ್ದೇಶಕ ಸೀತಾರಾಂ ಅವರ ಸೀರಿಯಲ್‌ಗಳಲ್ಲಿ ಜನ ಕೂತು ಮಾತಾಡುತ್ತಿದ್ದರು. ಈಗ ಒಬ್ಬರು ಬಾಗಿಲಲ್ಲಿ ನಿಂತರೆ ಉಳಿದ ಆರು ಜನರ ಮುಖ ಮೂರು ಮೂರು ಸಲ ತೋರಿಸುತ್ತಾರೆ. ಆದರೂ ಒಂದು ಹೇಳಬೇಕು. ಅವರ 'ಮಗಳು ಜಾನಕಿ' 2020ರ ಲಾಕ್‌ಡೌನ್‌ನಲ್ಲಿ ಅರ್ಧಕ್ಕೇ ನಿಂತಿತು. ಜಾನಕಿ ಕಥೆ ಏನಾಯಿತು ಅಂತ ನಮ್ಮ ಮನೆಯಲ್ಲಿ ಈಗಲೂ ವಾದ ನಡೆಯುತ್ತದೆ. ಎಳೆದದ್ದಾದರೂ ಇರಲಿ, ಅರ್ಧಕ್ಕೆ ಬಿಟ್ಟದ್ದು ಬೇಡ ಅನ್ನುವವನು ನಾನು.

ಮೆಸ್ಸಿನ ಮಗಳು:

ಎಲ್ಲರಿಗೂ ಥ್ಯಾಂಕ್ಸ್. ಗುರುವಾರದವರೇ, ಸಮಯದ ಮಾತು ಬೇರೆ ಮನೆಗಳಿಗೆ ಸರಿ ಇರಬಹುದು. ನಮ್ಮಮ್ಮ ಆರೂವರೆಗೂ ಹೊಂದಿಕೊಂಡಿದ್ದರು, ದೀಪವನ್ನೇ ಆರು ಇಪ್ಪತ್ತಕ್ಕೆ ಹಚ್ಚಿಬಿಡುತ್ತಿದ್ದರು!

ಎಪಿಸೋಡ್ ಬ್ಯಾಂಕ್ ಅವರ ಮಾತು ಓದಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಉಮಾಶ್ರೀ ಅತ್ತ ಎಪಿಸೋಡ್‌ಗಳಲ್ಲಿ ಯಾವ ಕೊರತೆಯೂ ಇರಲಿಲ್ಲ, ನನಗೂ ಅಳು ಬಂತು. ಸೀರಿಯಲ್ ಹೆಸರಲ್ಲೇ ಪುಟ್ಟಕ್ಕ ಇದ್ದಾಳೆ. ಮಗಳು ಸತ್ತ ಮೇಲೆ ಮೆಸ್ಸಿನ ಒಲೆ ಮತ್ತೆ ಹಚ್ಚುವುದು ಹೇಗೆ, ಮೊದಲ ದಿನ ಊಟಕ್ಕೆ ಬಂದವರು ಅವಳ ಮುಖ ಹೇಗೆ ನೋಡುತ್ತಾರೆ? ನನಗೆ ಬೇಕಿದ್ದದ್ದು ಆ ಕಥೆ. ಆದರೆ ಹೃದಯದ ಜೊತೆ ಕಥೆಯೂ ಎದ್ದು ಕಂಠಿಯ ಮನೆಗೆ ಹೋಯಿತು. ಅಜ್ಜಿ (ಅಮ್ಮನ ಅಮ್ಮ) ತೀರಿಕೊಂಡಾಗ ನಮ್ಮ ಮೆಸ್ ಮುಚ್ಚಿದ್ದು ಮೂರೇ ದಿನ. ನಾಲ್ಕನೇ ದಿನ ಅಮ್ಮ ಸಾರಿಗೆ ಉಪ್ಪು ಹಾಕಲು ಮರೆತಿದ್ದರು. ಆವತ್ತು ಹುಡುಗರು ಒಬ್ಬರೂ ತುಟಿ ಬಿಚ್ಚದೆ ಊಟ ಮಾಡಿ ಹೋದರು.

ಗುರುವಾರದ ಗಿರಾಕಿ:

ಈ ಉಪ್ಪಿನ ಸೀನ್ ಯಾರಾದರೂ ಬರೆದಿದ್ದರೆ ರೇಟಿಂಗ್ ಬರುತ್ತಿತ್ತೋ ಇಲ್ಲವೋ, ನಾನಂತೂ ನೋಡುತ್ತಿದ್ದೆ. ಅದಿರಲಿ, ಅಮ್ಮ ಈಗ ಏನು ನೋಡುತ್ತಿದ್ದಾರೆ?

ಮೆಸ್ಸಿನ ಮಗಳು:

ಏಳೂವರೆಗೆ 'ಅಣ್ಣಯ್ಯ'. ಅದೂ ಪಕ್ಕದ ಮನೆಯವರ ಒತ್ತಾಯಕ್ಕೆ. ಅದರ ನಾಯಕ ಶಿವುಗೆ ನಾಲ್ಕು ಜನ ತಂಗಿಯರು ಅಂತ ಗೊತ್ತಾದ ಕೂಡಲೇ ಅಮ್ಮ ಟಿವಿ ಸೌಂಡ್ ಕಡಿಮೆ ಮಾಡಿ ನನ್ನ ಕಡೆ ತಿರುಗಿದರು: "ಇವರಲ್ಲಿ ಯಾರಿಗೂ ಡಿಸಿ ಆಗೋ ಆಸೆ ಇಲ್ಲ ತಾನೆ?"