ನರ ಸುಡಿಸುವ ಮೊದಲು ಜೇಬು ನೋಡಿ

ಸುಮಾ, ನಿನ್ನ ಮೆಸೇಜ್ ಈಗ ಕೇಳಿದೆ. ಮೂರು ಥರ ಮಾತ್ರೆ ನುಂಗಿದರೂ ಅಳಿಯಂದಿರ ಬಿಪಿ 160ರಿಂದ ಇಳಿಯುತ್ತಿಲ್ಲ, ಕಿಡ್ನಿ ಹತ್ತಿರದ ನರ ಸುಡುವ ಚಿಕಿತ್ಸೆ ಇದೆ ಅಂದರು ಡಾಕ್ಟರು, ಮಾಡಿಸಲಾ ಅಂತ ತಾನೇ ಕೇಳಿದ್ದು? ಗಾಬರಿ ಬೇಡ. ಆದರೆ ನೋವಿನ ಮಾತ್ರೆ ವಿಷಯ ಮುಚ್ಚಿಟ್ಟು ಆ ಟೇಬಲ್ ಮೇಲೆ ಮಲಗಬಾರದು.

ನಿಮ್ಮ ಚಿಕ್ಕಪ್ಪನದು ಗೊತ್ತಲ್ಲ. ಮಾತ್ರೆ ಮೇಲೆ ಮಾತ್ರೆ. ನಾನು ಹಪ್ಪಳ ನಿಲ್ಲಿಸಿದೆ, ಉಪ್ಪಿನಕಾಯಿ ಜಾಡಿ ಅಟ್ಟಕ್ಕೆ ಏರಿಸಿದೆ. ಬಿಪಿ ಜಗ್ಗಲಿಲ್ಲ. ಒಂದು ದಿನ ಒಗೆಯಲು ಹಾಕುವಾಗ ಅಂಗಿ ಜೇಬಿನಲ್ಲಿ ಕೈಗೆ ಸಿಕ್ಕಿತು, ಅರ್ಧ ಖಾಲಿಯಾದ ಡೈಕ್ಲೋಫೆನಾಕ್ ಪಟ್ಟಿ! ಮಂಡಿನೋವಿಗೆ ಅಂಗಡಿಯಿಂದ ತಾವೇ ತಂದು ದಿನಾ ನುಂಗುತ್ತಿದ್ದರು. ಕೇಳಿದರೆ, "ಅದೇನು ಬಿಪಿ ಮಾತ್ರೆನಾ, ಡಾಕ್ಟರಿಗೆ ಹೇಳೋಕೆ?" ಅಂದರು. ಅದು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ, ಬಿಪಿ ಮಾತ್ರೆಗೆ ಅಡ್ಡ ಬರುತ್ತದೆ, ಕಿಡ್ನಿಗೂ ಪೆಟ್ಟು. ಡಾಕ್ಟರು ಬಿಡಿಸಿದ ಮೇಲೆ ತಾನೇ ಇಳಿಯಿತು. ಅದಕ್ಕೇ ಮತ್ತೆ ಹೇಳುತ್ತೇನೆ, ನೋವಿನ ಮಾತ್ರೆ ಮುಚ್ಚಿಡಬೇಡಿ.

ಆಗ ಆಸ್ಪತ್ರೆ ಬೆಂಚಿನ ಮೇಲೆ ನಾನೊಬ್ಬಳೇ. ಈ ಗ್ರೂಪಿನಲ್ಲಿ ಇಷ್ಟು ಜನ ಇದ್ದೀರಿ, ಯಾರಾದರೂ ಒಂದು ಫ್ಲಾಸ್ಕ್ ಕಾಫಿ ತಂದಿರಾ? ಬೆಳ್ಳುಳ್ಳಿ ತಿನ್ನಿ, ನುಗ್ಗೆಸೊಪ್ಪು ತಿನ್ನಿ ಅಂತ ಫಾರ್ವರ್ಡ್ ಮಾತ್ರ ಬಂತು. ಗೃಹಪ್ರವೇಶಕ್ಕೆ ಕರೆಯಲು ಫೋನ್ ಮಾಡಿದವರು ಕೂಡ ಹೇಗಿದ್ದಾರೆ ಅನ್ನಲಿಲ್ಲ. ಯಾರು ಅಂತ ಹೇಳಲ್ಲ, ಅವರಿಗೆ ಗೊತ್ತು. ಇರಲಿ ಬಿಡು.

ಅಯ್ಯೋ, ನೀನು ಕೇಳಿದ್ದೇ ಮರೆತೆ. ಆ ಚಿಕಿತ್ಸೆ ಸುಳ್ಳೇನಲ್ಲ. ಸಾಮಾನ್ಯವಾಗಿ ತೊಡೆಸಂದಿಯಿಂದ ಸಣ್ಣ ಟ್ಯೂಬ್ ಕಿಡ್ನಿ ರಕ್ತನಾಳದವರೆಗೆ ತೂರಿಸಿ, ಸುತ್ತಲಿನ ನರವನ್ನು ಒಳಗಿನಿಂದಲೇ ಸುಡುತ್ತಾರೆ. ನಮ್ಮ ಡಾಕ್ಟರ್ ಸೊಸೆ ಹೇಳಿದ್ದು: 2014ರ ದೊಡ್ಡ ಪರೀಕ್ಷೆಯಲ್ಲಿ ನರ ಸುಟ್ಟವರಿಗೂ, ಬರೀ ಆಂಜಿಯೋಗ್ರಾಂ ಮಾಡಿ ಬಿಟ್ಟವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲವಂತೆ. ಆಮೇಲೆ ಉಪಕರಣ ಸುಧಾರಿಸಿ, 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬಿಪಿ ಒಂದಿಷ್ಟು ಇಳಿಯುತ್ತದೆ ಅಷ್ಟೇ, ಮಾತ್ರೆ ಪೂರ್ತಿ ಬಿಡಬಹುದು ಅಂತ ಆಸೆ ಇಟ್ಟುಕೊಳ್ಳಬೇಡ.

ಮನೆಯಲ್ಲಿರುವ ಎಲ್ಲ ಮಾತ್ರೆ, ಆಯುರ್ವೇದದ್ದೂ ಸೇರಿ, ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದೆ ಸುರಿ. 24 ಗಂಟೆ ಬಿಪಿ ಅಳೆಯುವ ಮೆಷಿನ್ ಕಟ್ಟಿ ನೋಡಬೇಕಾ, ಮೈಯಲ್ಲಿ ಉಪ್ಪು ಹಿಡಿದಿಡುವ ಅಲ್ಡೋಸ್ಟಿರೋನ್ ಅನ್ನೋ ಹಾರ್ಮೋನಿನ ರಕ್ತಪರೀಕ್ಷೆ ಆಗಬೇಕಾ ಅಂತ ಕೇಳು. ಅಳಿಯಂದಿರು ಗೊರಕೆ ಜಾಸ್ತಿ ಹೊಡೆಯುತ್ತಾರಲ್ಲ, ನಾಚಿಕೊಳ್ಳದೆ ಅದನ್ನೂ ಹೇಳು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಅದರಿಂದಲೂ ಬಿಪಿ ಏರಬಹುದು. ಅಲ್ಲಿಯವರೆಗೆ ಬಿಪಿ ಮಾತ್ರೆ ಒಂದನ್ನೂ ನೀವಾಗಿ ನಿಲ್ಲಿಸಬೇಡಿ.