ಜಾನಿ ಐವ್ ಹೋಗಿದ್ದಕ್ಕೇ ಕೀಬೋರ್ಡ್ ಸರಿಹೋಯ್ತಾ? ನಮ್ಮ ಮೆಕ್ಯಾನಿಕಲ್ ಬ್ಯಾಚ್ ಗುಂಪಿನ ಭಾನುವಾರದ ವಾದ

*ಸುಮಾ, ಬೆಳಿಗ್ಗೆ 7:38*
ಆ್ಯಪಲ್ ವಿನ್ಯಾಸ ತಂಡದಿಂದ ಒಬ್ಬೊಬ್ಬರೇ ಹೋಗಿದ್ದರ ಬಗ್ಗೆ ಮೇಲೆ ಹಾಕಿರೋ ಲೇಖನ ಪೂರ್ತಿ ಓದ್ರೋ. 1992ರಿಂದ ಆ್ಯಪಲ್‌ನಲ್ಲಿದ್ದ ಮುಖ್ಯ ವಿನ್ಯಾಸಗಾರ ಜಾನಿ ಐವ್ 2019ರ ಜೂನ್ 27ಕ್ಕೆ ಬಿಡ್ತೀನಿ ಅಂದ್ರು. ಆಮೇಲೆ ವಸ್ತುಗಳ ವಿನ್ಯಾಸ ನೋಡ್ಕೊಂಡ ಇವಾನ್ಸ್ ಹ್ಯಾಂಕಿ 2022ರಲ್ಲಿ ರಾಜೀನಾಮೆ ಕೊಟ್ರು. 2025ರ ಡಿಸೆಂಬರ್‌ನಲ್ಲಿ ಸಾಫ್ಟ್‌ವೇರ್ ಕಡೆಯ ಅಲನ್ ಡೈ ಮೆಟಾಗೆ ಹೊರಟ್ರು. ಅಷ್ಟು ವರ್ಷ ಕೂಡಿಬಂದ ತಂಡ ಕಣ್ಣೆದುರೇ ಚದುರಿಹೋಯ್ತಲ್ಲ ಅಂತ ತುಂಬ ಬೇಜಾರಾಯ್ತು.

*ಇಮ್ರಾನ್, 7:51*
ಬೇಜಾರ್ಯಾಕೆ ಸುಮಾ? ಅವರು ಹೋದ್ರು, ಲ್ಯಾಪ್‌ಟಾಪ್ ಬದುಕ್ಕೊಳ್ತು. ಜೂನ್‌ನಲ್ಲಿ ಬಿಡ್ತೀನಿ ಅಂದ್ರು, ನವೆಂಬರ್ 13ಕ್ಕೆ 16 ಇಂಚಿನ ಮ್ಯಾಕ್‌ಬುಕ್ ಪ್ರೊ ಬಂತು, ಅದರಲ್ಲಿ ಕೆಡ್ತಿದ್ದ ಚಿಟ್ಟೆ ಕೀಬೋರ್ಡ್ ಹೋಗಿ ಹಳೇ ಕತ್ತರಿ ಕೀಬೋರ್ಡ್ ವಾಪಸ್. ಇದಕ್ಕಿಂತ ಸಾಕ್ಷಿ ಬೇಕಾ?

*ಶಿವಣ್ಣ (ಮಂಡ್ಯ), 7:58*
ಲೋ ಇಮ್ರಾನ್, ಆ ಚಿಟ್ಟೆ ಕೀಬೋರ್ಡ್ ಎಂಗೆ ಕೆಡ್ತಿತ್ತು ಅಂತ ಒಸಿ ಬಿಡ್ಸಿ ಹೇಳ್ಲಾ. ನಮ್ಮ ಪಾಲಿಟೆಕ್ನಿಕ್ ಹುಡುಗ್ರಿಗೆ ಮೆಕ್ಯಾನಿಸಮ್ ಪಾಠಕ್ಕೆ ಆಯ್ತದೆ.

*ಇಮ್ರಾನ್, 8:10*
ಹೇಳ್ತೀನಿ ಶಿವಣ್ಣ. ಹಳೇದ್ರಲ್ಲಿ ಕೀ ಕೆಳಗೆ ಎರಡು ಪ್ಲಾಸ್ಟಿಕ್ ತೋಳು, ಕತ್ತರಿ ಥರ ಅಡ್ಡಡ್ಡ, ಮಧ್ಯೆ ರಬ್ಬರ್ ಗುಮ್ಮಟ. ಕೀ 1 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಕೆಳಗಿಳಿಯುತ್ತೆ. 2015ರ 12 ಇಂಚಿನ ಮ್ಯಾಕ್‌ಬುಕ್‌ಗೆ ತೋಳುಗಳನ್ನ ಚಿಟ್ಟೆ ರೆಕ್ಕೆ ಥರ ಅಗಲವಾಗಿ ಮಲಗಿಸಿ, ರಬ್ಬರ್ ಬದಲು ತೆಳ್ಳನೆ ಲೋಹದ ಗುಮ್ಮಟ ಇಟ್ರು. ಇಳಿಯೋದು ಸುಮಾರು ಅರ್ಧ ಮಿ.ಮೀ. ಅಷ್ಟೇ. ಆ ಸಂದಿಗೆ ಒಂದು ಚಿರೋಟಿ ರವೆ ಕಾಳು ಹೋದ್ರೂ ಮುಗೀತು. ಗುಮ್ಮಟದ ಅಂಚಿನಡಿ ಸಿಕ್ಕಿಕೊಂಡ್ರೆ ಅಕ್ಷರ ಬೀಳಲ್ಲ, ಬೇರೆ ಕಡೆ ಕೂತ್ರೆ ಒಂದೇ ಒತ್ತಿಗೆ ಎರಡು ಅಕ್ಷರ. ಕತ್ತರಿ ಕೀಗೆ ಇಳಿಯೋಕೆ ಜಾಗ ಇರುತ್ತೆ, ಸಣ್ಣ ಧೂಳು ಪಕ್ಕಕ್ಕೆ ಸರಿದುಬಿಡುತ್ತೆ. ಇದರಲ್ಲಿ ಸರಿಯೋಕೆ ಜಾಗಾನೇ ಇಲ್ಲ.

ಶುಚಿ ಮಾಡೋದಕ್ಕೆ ಕಂಪನಿಯೇ ಕೊಟ್ಟ ವಿಧಾನ: ಲ್ಯಾಪ್‌ಟಾಪನ್ನ 75 ಡಿಗ್ರಿ ಓರೆಯಾಗಿ ಹಿಡ್ಕೋಬೇಕು. ಗಾಳಿ ಡಬ್ಬಿ ನೆಟ್ಟಗಿರಬೇಕು, ಬಗ್ಗಿಸಿದ್ರೆ ಒಳಗಿನ ದ್ರವ ಚಿಮ್ಮುತ್ತೆ. ನಳಿಕೆ ತುದಿ ಕೀಯಿಂದ ಸುಮಾರು 1.25 ಸೆಂ.ಮೀ. ದೂರ. ಎಡದಿಂದ ಬಲಕ್ಕೆ ಊದ್ಕೊಂಡು ಹೋಗಿ, ಲ್ಯಾಪ್‌ಟಾಪನ್ನ ಬಲಮಗ್ಗುಲಿಗೆ ತಿರುಗಿಸಿ ಇನ್ನೊಂದ್ಸಲ, ಎಡಮಗ್ಗುಲಿಗೆ ತಿರುಗಿಸಿ ಮತ್ತೊಂದ್ಸಲ.

ಅದಕ್ಕೂ ಹೋಗದಿದ್ರೆ ಕೀ ಎಬ್ಬಿಸಬೇಕು, ಎಬ್ಬಿಸೋವಾಗ ರೆಕ್ಕೆಯ ಕೊಕ್ಕೆ ಮುರಿಯುತ್ತೆ. ಸ್ಪೇಸ್ ಬಾರ್ ಅಂತೂ ಮುಟ್ಟೋಕೇ ಭಯ. ಕೀಬೋರ್ಡ್ ಪೂರ್ತಿ ಬದಲಾಯಿಸೋಣ ಅಂದ್ರೆ ಅದು ಮೇಲ್ಕವಚಕ್ಕೆ ರಿವೆಟ್ ಆಗಿದೆ, ಅದೇ ಕವಚಕ್ಕೆ ಬ್ಯಾಟರಿ ಅಂಟಿಸಿದ್ದಾರೆ. ಹಾಗಾಗಿ ಒಂದು ಕೀಗೋಸ್ಕರ ಕವಚ, ಬ್ಯಾಟರಿ ಎಲ್ಲಾ ಒಟ್ಟಿಗೆ ಬದಲು. 2018ರ ಜೂನ್‌ನಲ್ಲಿ 4 ವರ್ಷದ ಉಚಿತ ದುರಸ್ತಿ ಯೋಜನೆ ತಂದ್ರು. 2022ರಲ್ಲಿ ಕೋರ್ಟ್ ಮೊಕದ್ದಮೆ 5 ಕೋಟಿ ಡಾಲರ್‌ಗೆ ರಾಜಿಯಾಯ್ತು. ತೆಳ್ಳಗೆ ಬೇಕು ಅನ್ನೋ ಒಬ್ಬರ ಹಟಕ್ಕೆ ಇಷ್ಟೆಲ್ಲಾ.

*ಸುಮಾ, 8:24*
ಒಬ್ಬರ ಹಟ ಅನ್ನೋದನ್ನ ಒಪ್ಪಲ್ಲ ಇಮ್ರಾನ್. 2015ರಲ್ಲಿ ಐವ್‌ಗೆ ಮುಖ್ಯ ವಿನ್ಯಾಸಾಧಿಕಾರಿ ಅಂತ ದೊಡ್ಡ ಹುದ್ದೆ ಕೊಟ್ಟಾಗ ದಿನನಿತ್ಯದ ಕೆಲಸ ರಿಚರ್ಡ್ ಹೊವಾರ್ತ್ ಮತ್ತು ಅಲನ್ ಡೈ ಕೈಗೆ ಹೋಯ್ತು. ಅದನ್ನ ಐವ್ ವಾಪಸ್ ತಗೊಂಡಿದ್ದು 2017ರ ಡಿಸೆಂಬರ್‌ನಲ್ಲಿ. 2016ರ ಮ್ಯಾಕ್‌ಬುಕ್ ಪ್ರೊ ಬಂದಿದ್ದು ಆ ನಡುವೆ.

ಆ ಮನುಷ್ಯ ಏನು ಕೊಟ್ಟಿದ್ದಾರೆ ಅನ್ನೋದನ್ನೂ ನೋಡು. 1998ರ ಐಮ್ಯಾಕ್ ಮೇಲೆ ಒಂದು ಹಿಡಿ ಇತ್ತು. ಮೇಜಿನ ಮೇಲೆ ಕೂತಿರೋ ಯಂತ್ರವನ್ನ ದಿನಾ ಯಾರೂ ಎತ್ಕೊಂಡು ಓಡಾಡಲ್ಲ. ಕಂಪ್ಯೂಟರ್ ಕಂಡ್ರೆ ಹೆದರೋರಿಗೆ ‘ಮುಟ್ಟಿ, ಏನೂ ಆಗಲ್ಲ’ ಅಂತ ಹೇಳೋದಕ್ಕೆ ಆ ಹಿಡಿ. ಅದನ್ನ ತೆಗೆದ್ರೆ ಖರ್ಚು ಉಳಿಯುತ್ತೆ ಅಂತ ಲೆಕ್ಕ ತೋರಿಸೋದು ಸುಲಭ. ಆ ಲೆಕ್ಕದ ಮುಂದೆ ‘ಇರಲಿ’ ಅಂತ ಗಟ್ಟಿಯಾಗಿ ಹೇಳೋಕೆ ಒಬ್ಬರು ಬೇಕು. ನನ್ನ ದುಃಖ ಆ ಕುರ್ಚಿ ಖಾಲಿಯಾಗಿದ್ದಕ್ಕೆ.

*ರವಿ (ಟೂಲ್‌ರೂಮ್, ಹೆಬ್ಬಾಳ), 9:05*
ಇಬ್ಬರೂ ತಾರೀಖು ಸರಿಯಾಗಿ ಹೇಳಿದ್ರಿ, ಅಚ್ಚಿನ ಲೆಕ್ಕ ಮಾತ್ರ ಬಿಟ್ರಿ.

ಜೂನ್ 27ರಿಂದ ನವೆಂಬರ್ 13ಕ್ಕೆ 139 ದಿನ. 20 ವಾರ ಕೂಡ ತುಂಬಲ್ಲ. ಕೀ ತೋಳಿಗೆ ಒಂದು ಬಹು-ಕ್ಯಾವಿಟಿ ಇಂಜೆಕ್ಷನ್ ಅಚ್ಚು (ಹಲವು ಗುಳಿಗೆ ಕರಗಿದ ಪ್ಲಾಸ್ಟಿಕ್ ತುಂಬಿ ಒಂದೇ ಸಲ ಹಲವು ತೋಳು ತೆಗೆಯೋದು) ಮಾಡೋದಕ್ಕೆ ಏನೇನು ಬೇಕು ನೋಡಿ: ಉಕ್ಕು ತರಿಸಿ ರಫಿಂಗ್ (ಮೊದಲ ಒರಟು ಕೊರೆತ), ಹೀಟ್ ಟ್ರೀಟ್‌ಮೆಂಟ್, ಮೂಲೆಗಳಿಗೆ ಸ್ಪಾರ್ಕ್ ಇರೋಷನ್ (ವಿದ್ಯುತ್ ಕಿಡಿಯಿಂದ ಕೊರೆಯೋದು), ಪಾಲಿಶ್, ಆಮೇಲೆ ಟಿ1, ಅಂದ್ರೆ ಮೊದಲ ಪ್ರಯೋಗದ ಮಾದರಿ. ಇಷ್ಟಕ್ಕೇ 8ರಿಂದ 12 ವಾರ. ಟಿ1 ಯಾವತ್ತೂ ಸರಿಯಾಗಿ ಬರಲ್ಲ. ಒಂದು ಕ್ಯಾವಿಟಿ ತುಂಬಿರಲ್ಲ, ಇನ್ನೊಂದರಲ್ಲಿ ಫ್ಲ್ಯಾಷ್ (ಅಂಚಿಂದ ಹೊರಬಂದ ಪ್ಲಾಸ್ಟಿಕ್), ಮತ್ತೊಂದರಲ್ಲಿ ತೋಳು ತಿರುಚಿರುತ್ತೆ. ತಿದ್ದಿ ಟಿ2, ಟಿ3. ಅದಾದ ಮೇಲೆ ಬಾಳಿಕೆ ಪರೀಕ್ಷೆ. ಸೆಕೆಂಡಿಗೆ 5 ಸಲದಂತೆ ಹಗಲೂರಾತ್ರಿ ಒತ್ತಿದ್ರೂ 1 ಕೋಟಿ ಒತ್ತು ಮುಗಿಯೋಕೆ 23 ದಿನ ಬೇಕು. ಇದರ ಹಿಂದೆ ವಿನ್ಯಾಸ, ಮುಂದೆ ಉತ್ಪಾದನೆ. 139 ದಿನದಲ್ಲಿ ಇದು ಆಗೋ ಮಾತೇ ಅಲ್ಲ. ಕತ್ತರಿಗೆ ವಾಪಸ್ ಹೋಗೋ ತೀರ್ಮಾನ ಐವ್ ಕುರ್ಚಿಯಲ್ಲಿ ಇದ್ದಾಗಲೇ ಆಗಿದೆ.

ಮೇಜಿನ ಕಂಪ್ಯೂಟರ್ ಮ್ಯಾಕ್ ಪ್ರೊ ಕಥೇನೂ ಅದೇ. 2013ರ ಕೊಳವೆ ಆಕಾರದ ಮ್ಯಾಕ್ ಪ್ರೊದಲ್ಲಿ ತ್ರಿಕೋನದ ಒಂದೇ ಹೀಟ್‌ಸಿಂಕ್ (ಶಾಖ ಎಳ್ಕೊಳ್ಳೋ ಲೋಹ), ಮೂರು ಮುಖಕ್ಕೆ ಒಂದು ಪ್ರೊಸೆಸರ್ ಮತ್ತು ಎರಡು ಗ್ರಾಫಿಕ್ಸ್ ಕಾರ್ಡ್, ಮೇಲೆ ಒಂದೇ ಫ್ಯಾನ್. ಮೂರೂ ಹತ್ತತ್ರ ಸಮನಾಗಿ ಬಿಸಿಯಾದ್ರೆ ಮಾತ್ರ ಆ ಲೆಕ್ಕ ಕೂರುತ್ತೆ. ಮುಂದೆ ಬಂದಿದ್ದು ಒಂದೇ ದೊಡ್ಡ ಗ್ರಾಫಿಕ್ಸ್ ಕಾರ್ಡ್‌ನ ಕಾಲ. ಆ ಶಾಖ ಒಂದೇ ಮುಖದಿಂದ ಹೋಗೋಕೆ ದಾರಿ ಇರಲಿಲ್ಲ. 2017ರಲ್ಲಿ ಕಂಪನಿಯೇ ಅದನ್ನ ಒಪ್ಪಿಕೊಳ್ತು. ಅದರ ಬದಲಿಗೆ ಬಂದ ಟವರ್ ಮಾದರೀನ ಲೋಕಕ್ಕೆ ತೋರಿಸಿದ್ದು 2019ರ ಜೂನ್ 3ಕ್ಕೆ, ಐವ್ ಹೋಗ್ತೀನಿ ಅನ್ನೋದಕ್ಕೆ 24 ದಿನ ಮೊದಲು.

*ಇಮ್ರಾನ್, 9:19*
ಸರಿ ರವಿ, ಕೀಬೋರ್ಡ್ ವಿಷಯದಲ್ಲಿ ನನ್ನ ಮಾತು ವಾಪಸ್. ಆದ್ರೆ 2021ರ ಅಕ್ಟೋಬರ್? 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೊ. ಮ್ಯಾಗ್‌ಸೇಫ್ (ಆಯಸ್ಕಾಂತದಿಂದ ಅಂಟೋ ಚಾರ್ಜರ್) ವಾಪಸ್, ಎಚ್‌ಡಿಎಂಐ ವಾಪಸ್, ಎಸ್‌ಡಿ ಕಾರ್ಡ್ ಕಂಡಿ ವಾಪಸ್, ಕೀಬೋರ್ಡ್ ಮೇಲಿದ್ದ ಟಚ್ ಬಾರ್ ಪರದೆ ಪಟ್ಟಿ ಮಾಯ. 16 ಇಂಚಿನದು 16.2 ಮಿ.ಮೀ. ಇದ್ದದ್ದು 16.8ಕ್ಕೆ ದಪ್ಪ ಆಯ್ತು. 28 ತಿಂಗಳು, ನಿನ್ನ ಅಚ್ಚಿಗೆ ಬೇಕಾದಷ್ಟು ಸಮಯ.

*ರವಿ, 9:26*
ಅದನ್ನ ಒಪ್ತೀನಿ. ಅಷ್ಟು ಹೊತ್ತಿಗೆ ಬೇರೆಯವರ ಮಾತು ನಡೆಯೋಕೆ ಶುರುವಾಗಿರಬಹುದು. ಆದ್ರೂ ಐವ್ ಅವರ ವಿನ್ಯಾಸ ಸಂಸ್ಥೆ ಲವ್‌ಫ್ರಮ್ ಜೊತೆ ಆ್ಯಪಲ್ ಒಪ್ಪಂದ 2022ರವರೆಗೂ ಇತ್ತು, ಅದನ್ನ ಮರೀಬೇಡ. ಇನ್ನು ತೆಳ್ಳಗಿನ ಹುಚ್ಚು ಅವರ ಜೊತೆಗೇ ಹೋಯ್ತು ಅಂತೀಯಾ? 2024ರ 13 ಇಂಚಿನ ಐಪ್ಯಾಡ್ ಪ್ರೊ 5.1 ಮಿ.ಮೀ., 2025ರ ಐಫೋನ್ ಏರ್ 5.6 ಮಿ.ಮೀ. ಏರ್‌ಗೆ ಹಿಂದೆ ಒಂದೇ ಕ್ಯಾಮೆರಾ. ಮ್ಯಾಜಿಕ್ ಮೌಸ್‌ನ ಚಾರ್ಜಿಂಗ್ ಕಂಡಿ 2015ರಲ್ಲಿ ಹೊಟ್ಟೆ ಕೆಳಗಿತ್ತು. 2024ರಲ್ಲಿ ಯುಎಸ್‌ಬಿ-ಸಿ ಮಾಡಿದಾಗಲೂ ಅಲ್ಲೇ ಬಿಟ್ರು. ಇದನ್ನೆಲ್ಲ ಯಾರ ಲೆಕ್ಕಕ್ಕೆ ಬರೀತೀಯ?

*ಸುಮಾ, 9:40*
ರವಿ, ಮ್ಯಾಕ್‌ಬುಕ್‌ನ ಆ ಒಂದೇ ತುಂಡು ಅಲ್ಯೂಮಿನಿಯಂ ಮೈ ಬಗ್ಗೆ ಹೇಳು. ಅದರ ಬೆಲೆ ಗೊತ್ತಿರೋನು ನೀನೊಬ್ಬನೇ.

*ರವಿ, 10:02*
ಅದು ನಿಜಕ್ಕೂ ದೊಡ್ಡ ಕೆಲಸ ಸುಮಾ, ಅದರಲ್ಲಿ ಎರಡು ಮಾತಿಲ್ಲ. 2008ರ ಮೊದಲು ಲ್ಯಾಪ್‌ಟಾಪ್ ಅಂದ್ರೆ ಒಳಗೊಂದು ಚೌಕಟ್ಟು, ಮೇಲೆ ಬಗ್ಗಿಸಿದ ತಗಡು, ಸಂದಿ ಮುಚ್ಚೋಕೆ ಪ್ಲಾಸ್ಟಿಕ್ ಪಟ್ಟಿ. ಎಲ್ಲಾ ಸೇರಿಸಿದ್ರೆ ಪ್ರತಿಯೊಂದರ ಟಾಲರೆನ್ಸ್ (ಅಳತೆಯಲ್ಲಿ ಬಿಡೋ ಸಣ್ಣ ವ್ಯತ್ಯಾಸ) ಒಂದರ ಮೇಲೊಂದು ಕೂಡಿ ಸಂದಿ ಕಾಣುತ್ತೆ. ಆ್ಯಪಲ್‌ನೋರು ಅಲ್ಯೂಮಿನಿಯಂ ಗಟ್ಟಿಯನ್ನ ಕಂಪ್ಯೂಟರ್ ನಡೆಸೋ ಸಿಎನ್‌ಸಿ ಯಂತ್ರಕ್ಕೆ ಹಾಕಿ, ಬೇಡದ್ದೆಲ್ಲ ಕೊರೆದು, ಚೌಕಟ್ಟನ್ನೂ ಕವಚವನ್ನೂ ಒಂದೇ ಮಾಡಿದ್ರು. ನಮ್ಮ ಮೈಸೂರಿನ ಬೀಟೆ ಕುಸುರಿಯೋರು ಹಲಗೆಯಲ್ಲಿ ಗುಳಿ ತೋಡಿ ಚೂರು ಕೂರಿಸ್ತಾರಲ್ಲ, ಕೂದಲೆಳೆ ಹೋಗೋಷ್ಟೂ ಸಂದಿ ಇಲ್ಲದಂಗೆ? ಆ ಹಟವನ್ನ ಲಕ್ಷಗಟ್ಟಲೆ ತುಂಡಿನ ಮೇಲೆ ಸಾಧಿಸಬೇಕು.

ಕಷ್ಟ ಎಲ್ಲಿ ಅಂದ್ರೆ, ಗಟ್ಟಿಯೊಳಗೆ ಒತ್ತಡ ಉಳಿದಿರುತ್ತೆ. ಮುಕ್ಕಾಲು ಪಾಲು ಲೋಹ ಕೊರೆದು ತೆಗೆದು ಕ್ಲ್ಯಾಂಪ್ ಸಡಿಲ ಮಾಡಿದ್ರೆ ಮೈ ಹಪ್ಪಳದ ಥರ ಬಾಗುತ್ತೆ. ಅದಕ್ಕೆ ಮೊದಲು ರಫಿಂಗ್, ಆಮೇಲೆ ಬಿಟ್ಟು ಒತ್ತಡ ಇಳಿಯೋಕೆ ಅವಕಾಶ, ಮತ್ತೆ ಹೊಸದಾಗಿ ಹಿಡಿದು ಫಿನಿಶಿಂಗ್. ತೆಳು ಗೋಡೆ ಹತ್ತಿರ ಕೊರೆಯೋ ಎಂಡ್ ಮಿಲ್ ಅದುರಿದ್ರೆ ಗೆರೆ ಬೀಳುತ್ತೆ. ಆ ಗೆರೆ ಆನೊಡೈಸ್ (ತೊಟ್ಟಿಯಲ್ಲಿ ಮೇಲ್ಮೈಗೆ ಗಟ್ಟಿ ಆಕ್ಸೈಡ್ ಪದರ ಬೆಳೆಸೋದು) ಆದ ಮೇಲೆ ಇನ್ನೂ ಎದ್ದು ಕಾಣುತ್ತೆ. ಆನೊಡೈಸ್ ಪದರ ಒಂದು ಪಾಲು ಒಳಕ್ಕೆ, ಒಂದು ಪಾಲು ಹೊರಕ್ಕೆ ಬೆಳೆಯೋದ್ರಿಂದ ಅಳತೆಯಲ್ಲಿ ಅದಕ್ಕೂ ಮೊದಲೇ ಜಾಗ ಬಿಡಬೇಕು. ತೊಟ್ಟಿಯ ತಾಪ ಸ್ವಲ್ಪ ಆಚೀಚೆ ಆದ್ರೂ ಮುಚ್ಚಳದ ಬಣ್ಣ ಬುಡಕ್ಕೆ ಹೊಂದಲ್ಲ.

ಬಹಳ ಕಡೆ ವಿನ್ಯಾಸದೋರು ಚಿತ್ರ ಕಳಿಸ್ತಾರೆ, ಟೂಲ್‌ರೂಮ್‌ನೋರು ‘ಆಗಲ್ಲ’ ಅಂತಾರೆ, ಅಲ್ಲಿಗೆ ಮುಗೀತು. ಇವರು ಆಕಾರದ ಜೊತೆಗೆ ಮಾಡೋ ವಿಧಾನವನ್ನೂ ವಿನ್ಯಾಸದ ಪಾಲು ಅಂತ ತಗೊಂಡ್ರು. ಐವ್‌ಗೆ ನಾನು ಕೊಡೋ ಗೌರವ ಅದಕ್ಕೆ.

*ಇಮ್ರಾನ್, 10:15*
ಮೈ ಚೆನ್ನಾಗಿದೆ, ಬೇಡ ಅನ್ನಲ್ಲ. ಒಳಗೆ ಏನಾಯ್ತು ಅದನ್ನೂ ಹೇಳ್ಬೇಕಲ್ಲ. 2016ರ 13 ಇಂಚಿನ ಮ್ಯಾಕ್‌ಬುಕ್ ಪ್ರೊದಲ್ಲಿ ಪರದೆಯ ಹಿಂಬೆಳಕಿಗೆ ಹೋಗೋ ತೆಳು ಫ್ಲೆಕ್ಸ್ ಕೇಬಲ್ ಹಿಂಜ್ ಸುತ್ತಿ ಬರುತ್ತೆ. ತೆರೆದಾಗೆಲ್ಲ ಬಿಗಿಯಾಗುತ್ತೆ, ಮುಚ್ಚಿದಾಗ ಸಡಿಲ. ಸವೆದು ಸವೆದು ಮೊದಲು ಪರದೆಯ ಕೆಳಗೆ ನಾಟಕದ ರಂಗದ ದೀಪದಂತೆ ಬೆಳಕಿನ ತುಂಡುಗಳು ಕಾಣುತ್ತವೆ. ಆಮೇಲೆ ಮುಚ್ಚಳ ಸ್ವಲ್ಪ ಹೆಚ್ಚು ತೆರೆದ್ರೆ ಪರದೆ ಪೂರ್ತಿ ಕಪ್ಪು. ಕೇಬಲ್ ಪರದೆಗೇ ಸೇರಿರೋದ್ರಿಂದ ಪರದೆಯೇ ಬದಲು. 2018ರಲ್ಲಿ ಕೇಬಲನ್ನ ಬರೀ 2 ಮಿ.ಮೀ. ಉದ್ದ ಮಾಡಿದ್ರು, ಬೋರ್ಡಿಗೆ ಉಜ್ಜೋದು ಕಮ್ಮಿಯಾಯ್ತು. ಆ 2 ಮಿ.ಮೀ. ಮೊದಲೇ ಯಾಕೆ ಕೊಡಲಿಲ್ಲ?

*ರವಿ, 10:21*
ದಪ್ಪ ಎಷ್ಟಿರಬೇಕು ಅಂತ ಮೊದಲೇ ಬರೆದಿಟ್ಟು ಮಿಕ್ಕಿದ್ದನ್ನೆಲ್ಲ ಅದರೊಳಗೆ ತುರುಕೋಕೆ ಹೇಳಿದ್ರೆ ಹಾಗೇ ಆಗೋದು. ಅಲ್ಲಿ ನಿನ್ನ ಕೋಪ ನ್ಯಾಯವಾದದ್ದೇ.

*ಶಿವಣ್ಣ, 10:33*
ನನ್ ಮಾತೂ ಒಸಿ ಕೇಳಿ ಕಣ್ರಪ್ಪ. ಯಾರು ಹೋದ್ರು ಅಂತ ಹುಡುಕ್ತಾ ಕೂತಿದೀರ. ಹೋದ ಮೇಲೆ ಆ ತಂಡ ಯಾರ ಕೆಳಗೆ ಹೋಯ್ತು, ಅದನ್ನ ನೋಡಿ. ಐವ್ ಹೋದಾಗ ಹ್ಯಾಂಕಿ, ಡೈ ಇಬ್ಬರನ್ನೂ ಜೆಫ್ ವಿಲಿಯಮ್ಸ್ ಕೆಳಗೆ ಹಾಕಿದ್ರು. ವಿಲಿಯಮ್ಸ್ ಕಾರ್ಯಾಚರಣೆ ಮುಖ್ಯಸ್ಥ, ಸರಕು ಸರಬರಾಜು ನೋಡೋರು. ಹ್ಯಾಂಕಿ ಹೊರಟ ಮೇಲೆ ಆ ಜಾಗಕ್ಕೆ ತಕ್ಷಣ ಇನ್ನೊಬ್ಬರನ್ನ ಕೂರಿಸ್ಲಿಲ್ಲ. 2025ರಲ್ಲಿ ವಿಲಿಯಮ್ಸ್ ನಿವೃತ್ತಿ ಅಂದಾಗ ವಿನ್ಯಾಸ ತಂಡ ನೇರ ಟಿಮ್ ಕುಕ್ ಕೆಳಕ್ಕೆ ಬಂತು. ಆರು ವರ್ಷ ಸರಬರಾಜಿನ ಮೇಜಿನ ಮುಂದೆ ನಿಂತು ವಿನ್ಯಾಸದೋರು ಒಪ್ಪಿಗೆ ಕೇಳಿದ್ರೆ ಏನು ಕೇಳ್ತಾರೆ, ಏನು ಕೇಳೋಕೇ ಹೋಗಲ್ಲ, ಯೋಚ್ನೆ ಮಾಡಿ. ಸುಮಾ ಹೇಳಿದ ಆ ಐಮ್ಯಾಕ್ ಹಿಡಿ ಅಂಥ ಮೇಜಿನ ಮೇಲೆ ಉಳೀತಿರ್ನಿಲ್ಲ.

*ಸುಮಾ, 10:41*
ಶಿವಣ್ಣ, ನನಗೆ ಬೇಕಿದ್ದ ಮಾತು ಇದು. ಅಲನ್ ಡೈ ವಿಷಯವನ್ನೂ ಹೀಗೇ ನೋಡ್ಬೇಕು. 2025ರ ಲಿಕ್ವಿಡ್ ಗ್ಲಾಸ್, ಅಂದ್ರೆ ಪರದೆ ಮೇಲಿನ ಗಾಜಿನಂಥ ಬಟನ್‌ಗಳ ಹೊಸ ವಿನ್ಯಾಸ, ಅವರ ಕಾಲದ್ದು. ಅಕ್ಷರ ಮತ್ತು ಹಿನ್ನೆಲೆ ನಡುವೆ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರ್ಬೇಕು ಅನ್ನೋದು ವೆಬ್‌ನ ಸುಲಭ-ಬಳಕೆ ನಿಯಮ. ಗಾಜಿನ ಥರದ ಬಟನ್ ಹಿಂದೆ ಫೋಟೊ ಸರಿದಾಡ್ತಿದ್ರೆ ಆ ಅನುಪಾತ ಕ್ಷಣಕ್ಷಣಕ್ಕೂ ಬದಲಾಗುತ್ತೆ. ಕತ್ತಲ ಫೋಟೊ ಮೇಲೆ ಚೆನ್ನಾಗಿ ಕಂಡ ಬಿಳಿ ಅಕ್ಷರ ಮೋಡದ ಫೋಟೊ ಬಂದ ತಕ್ಷಣ ಮುಳುಗುತ್ತೆ. ಐಫೋನ್ ಸಾಫ್ಟ್‌ವೇರ್ ಐಒಎಸ್ 26.1ರಲ್ಲಿ ಗಾಜನ್ನ ಮಬ್ಬು ಮಾಡೋ ಆಯ್ಕೆ ಕೊಡ್ಬೇಕಾಯ್ತು. 2013ರ ಐಒಎಸ್ 7ರಲ್ಲಿ ಐವ್ ತಂಡ ಕೂಡ ಮೊದಲು ಅಕ್ಷರಗಳನ್ನ ತೀರಾ ಸಣಕಲು ಮಾಡಿ ಆಮೇಲೆ ದಪ್ಪ ಮಾಡ್ತು. ಅದೇ ಜಾತಿಯ ತಪ್ಪು.

ಈಗ ಡೈ ಜಾಗಕ್ಕೆ 1999ರಿಂದ ಅಲ್ಲೇ ಇರೋ ಸ್ಟೀಫನ್ ಲಿಮೇ ಬಂದಿದ್ದಾರೆ. ರವಿ ಲೆಕ್ಕದಲ್ಲಿ ಅವರ ಕೆಲಸ ಯಾವಾಗ ಕಾಣುತ್ತೆ?

*ರವಿ, 10:48*
ಸಾಫ್ಟ್‌ವೇರ್‌ಗೆ ಅಚ್ಚು ಇಲ್ಲ, ಬೇಗ ಕಾಣಬಹುದು. ಆದ್ರೂ ಮೊದಲ ಆವೃತ್ತಿ ನೋಡಿ ತೀರ್ಪು ಕೊಡಬೇಡಿ, ಅರ್ಧ ಕೆಲಸ ಡೈ ಬಿಟ್ಟುಹೋದದ್ದೇ ಇರುತ್ತೆ.

*ಇಮ್ರಾನ್, 10:55*
ಶಿವಣ್ಣ, ಹುಡುಗರಿಗೆ ಬರೀ ಬಾಯಲ್ಲಿ ಹೇಳ್ಬೇಡ. ಕೆಟ್ಟುಹೋದ 2017ರ ಮೇಲ್ಕವಚ ಒಂದು, 16 ಇಂಚಿನದು ಒಂದು ಅಂಗಡೀಲಿದೆ. ಬ್ಯಾಟರಿ ಬಿಚ್ಚಿ ಶನಿವಾರ ಮಂಡ್ಯಕ್ಕೆ ತರ್ತೀನಿ. ಎರಡರ ಕೀ ಎಷ್ಟೆಷ್ಟು ಇಳಿಯುತ್ತೆ ಅಂತ ಅವರೇ ಅಳೀಲಿ.

*ಶಿವಣ್ಣ, 10:58*
ತಕ್ಕೊಂಡು ಬಾ ಕಣ್ಲಾ. ವರ್ನಿಯರ್, ಡಯಲ್ ಗೇಜ್ ಎಲ್ಲಾ ಲ್ಯಾಬಲ್ಲಿ ಅವೆ.

*ರವಿ, 11:03*
ಮಾಮೂಲಿ ಡಯಲ್ ಗೇಜ್ ಬೇಡ ಶಿವಣ್ಣ. ಅದರ ಪ್ಲಂಜರ್ ಸ್ಪ್ರಿಂಗ್ ಸುಮಾರು 100 ಗ್ರಾಂ ಒತ್ತುತ್ತೆ, ಕೀ ಇಳಿಯೋಕೆ 60 ಗ್ರಾಂ ಆಸುಪಾಸು ಸಾಕು. ಗೇಜ್ ಮುಟ್ಟಿಸಿದ್ದೇ ಕೀ ಕೆಳಗೆ ಹೋಗಿರುತ್ತೆ, ಸೊನ್ನೆಯೇ ಸಿಗಲ್ಲ. ಪಪ್ಪಿ ಡಯಲ್ (ಹಗುರವಾಗಿ ಮುಟ್ಟೋ ಲಿವರ್ ಗೇಜ್), ಮ್ಯಾಗ್ನೆಟ್ ಸ್ಟ್ಯಾಂಡ್ ಎರಡೂ ನಾನು ತರ್ತೀನಿ. ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಕಚ್ಚಲ್ಲ, ಕೆಳಗೆ ಹಾಕೋಕೆ ಒಂದು ಉಕ್ಕಿನ ಸರ್ಫೇಸ್ ಪ್ಲೇಟ್ ನೀನು ತೆಗೆದಿಟ್ಟಿರು.