4,29,49,67,297 ಅವಿಭಾಜ್ಯವಲ್ಲವೆಂದು ಕೈಲೆಕ್ಕದಲ್ಲಿ ತಿಳಿದದ್ದು ಹೇಗೆ?

ಪ್ರಶ್ನೆ
ನಮಸ್ಕಾರ. 2ರ 32ನೆಯ ಘಾತಕ್ಕೆ 1 ಕೂಡಿಸಿದರೆ ಬರುವ 4,29,49,67,297 ಅವಿಭಾಜ್ಯವೆಂದು ಗಣಿತಜ್ಞ ಫರ್ಮಾ ನಂಬಿದ್ದನು. ಅದು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು 1732ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದನು. ವರ್ಗಮೂಲದವರೆಗೆ, ಅಂದರೆ 65,536ರವರೆಗೆ, 6,542 ಅವಿಭಾಜ್ಯಗಳಿವೆ. ಒಂದೊಂದರಿಂದಲೂ ಭಾಗಿಸುತ್ತ ಹೋಗದೆ 641ನ್ನು ಹಿಡಿಯುವ ದಾರಿ ಯಾವುದು?

ಉತ್ತರ 1
ಎಲ್ಲವನ್ನೂ ಪರೀಕ್ಷಿಸುವ ಅಗತ್ಯವೇ ಇಲ್ಲ. ಪ ಎಂಬ ಅವಿಭಾಜ್ಯವು ಈ ಸಂಖ್ಯೆಯನ್ನು ಭಾಗಿಸುವುದಾದರೆ, 2ರ 32ನೆಯ ಘಾತವನ್ನು ಪ-ದಿಂದ ಭಾಗಿಸಿದಾಗ ಶೇಷ −1 (ಅಂದರೆ 1 ಕೂಡಿಸಿದರೆ ನಿಶ್ಶೇಷ) ಎಂದಾಗುತ್ತದೆ. ವರ್ಗ ಮಾಡಿದರೆ 64ನೆಯ ಘಾತದ ಶೇಷ 1. ಹಾಗೆ 1 ಶೇಷ ಬರುವ ಅತಿ ಚಿಕ್ಕ ಘಾತವೂ 64 ಆಗಿರುವುದರಿಂದ, ಫರ್ಮಾನ ಕಿರುಪ್ರಮೇಯದ (ಪ-ದಿಂದ ಭಾಗವಾಗದ ಸಂಖ್ಯೆಯ ಪ−1ನೆಯ ಘಾತವನ್ನು ಅವಿಭಾಜ್ಯ ಪ-ದಿಂದ ಭಾಗಿಸಿದರೆ ಶೇಷ 1 ಎಂಬ ನಿಯಮದ) ಪ್ರಕಾರ 64 ಎಂಬುದು ಪ−1ನ್ನು ಭಾಗಿಸಲೇಬೇಕು. 64ರ ಅಪವರ್ತ್ಯಕ್ಕೆ 1 ಕೂಡಿಸಿ ಸಿಗುವ ಅವಿಭಾಜ್ಯಗಳು 193, 257, 449, 577, 641. ಐದನೆಯದರಲ್ಲೇ ಕೆಲಸ ಮುಗಿಯಿತು. ಫರ್ಮಾನ ಪ್ರಮೇಯವೇ ಫರ್ಮಾನ ಊಹೆಯನ್ನು ಕೆಡವಿತೆನ್ನುವುದು ಸ್ವಾರಸ್ಯ. 1878ರಲ್ಲಿ ಗಣಿತಜ್ಞ ಲುಕಾ 64 ಮಾತ್ರವಲ್ಲ, 128 ಕೂಡ ಪ−1ನ್ನು ಭಾಗಿಸಲೇಬೇಕೆಂದು ತೋರಿಸಿದ ಮೇಲೆ ಉಳಿಯುವವು 257 ಮತ್ತು 641 ಮಾತ್ರ.

ಉತ್ತರ 2
ತಾಳೆ ನೋಡುವುದಕ್ಕೂ ಉದ್ದನೆಯ ಭಾಗಾಕಾರ ಬೇಡ. 641 ಎಂದರೆ 5×128+1. ಅದೇ 641 ಎಂದರೆ 625+16, ಅಂದರೆ 5ರ ಮತ್ತು 2ರ ನಾಲ್ಕನೆಯ ಘಾತಗಳ ಮೊತ್ತ. 641ರಿಂದ ಭಾಗಿಸಿದಾಗ, ಮೊದಲನೆಯದರಿಂದ 5×128ರ ಶೇಷ −1; ಅದರ ನಾಲ್ಕನೆಯ ಘಾತವಾದ 625×2²⁸ರ ಶೇಷ 1. ಎರಡನೆಯದರಿಂದ 625ರ ಜಾಗದಲ್ಲಿ −16 ಇಡಬಹುದಾದ್ದರಿಂದ −2³²ರ ಶೇಷ 1 ಆಗುತ್ತದೆ. ಆದ್ದರಿಂದ 2³²+1 ನಿಶ್ಶೇಷವಾಗಿ ಭಾಗವಾಗುತ್ತದೆ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಭಾಗಲಬ್ಧವಾದ 67,00,417 ಮತ್ತೆ ಒಡೆಯುವುದಿಲ್ಲವೇ?

ಉತ್ತರ 1
ಒಡೆಯುವುದಿಲ್ಲ. ಅದರ ಭಾಜಕಗಳು ಮೂಲಸಂಖ್ಯೆಯ ಭಾಜಕಗಳೂ ಆಗಿರುವುದರಿಂದ ಅದೇ 128ರ ನಿಯಮ ಅನ್ವಯಿಸುತ್ತದೆ. ಅದರ ವರ್ಗಮೂಲ 2,588ಕ್ಕಿಂತ ತುಸು ಹೆಚ್ಚು. ಆ ಮಿತಿಯೊಳಗೆ ಸಿಗುವ ಅವಿಭಾಜ್ಯಗಳು 257, 641, 769, 1153, 1409. ಶೇಷಗಳು ಕ್ರಮವಾಗಿ 170, 44, 120, 334, 622. ಯಾವುದೂ ಸೊನ್ನೆಯಲ್ಲ.

ಉತ್ತರ 3
ಭಾಜಕವನ್ನು ಹುಡುಕದೆಯೂ ಇದು ಸಂಯುಕ್ತ ಸಂಖ್ಯೆಯೆಂದು ಹೇಳಬಹುದು. ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಲಾಗದು. ಇದಾದರೋ 65,536²+1² ಕೂಡ ಹೌದು, 62,264²+20,449² ಕೂಡ ಹೌದು. ಆ ಎರಡನೆಯ ಜೋಡಿಯನ್ನು ಹುಡುಕುವುದೇನೂ ಸುಲಭವಲ್ಲವೆನ್ನಿ. ಗಣಕದಲ್ಲಿ ಕಿರುಪ್ರಮೇಯದಿಂದ ಪರೀಕ್ಷಿಸುವವರು 2ನ್ನು ಆಧಾರವಾಗಿ (ಘಾತಕ್ಕೇರಿಸುವ ಸಂಖ್ಯೆಯಾಗಿ) ಇಟ್ಟುಕೊಂಡರೆ ಈ ಸಂಖ್ಯೆ ಅವಿಭಾಜ್ಯದಂತೆಯೇ ನಟಿಸಿ ಪಾರಾಗುತ್ತದೆ. 3ನ್ನು ಇಟ್ಟರೆ ಸಿಕ್ಕಿಬೀಳುತ್ತದೆ. 1877ರಲ್ಲಿ ಗಣಿತಜ್ಞ ಪೆಪ್ಯಾಂ ಈ ಬಗೆಯ (2ರ 4, 8, 16, 32ನೆಯಂಥ ಘಾತಗಳಿಗೆ 1 ಕೂಡಿಸಿ ಬರುವ) ಸಂಖ್ಯೆಗಳಿಗೆಂದೇ ರೂಪಿಸಿದ ಪರೀಕ್ಷೆಯಲ್ಲೂ ಇಂದು ಸಾಮಾನ್ಯವಾಗಿ 3ನ್ನೇ ಬಳಸುತ್ತಾರೆ.